ಮಂಜಿನೂರಿನ ಸಂತೆ, ಡ್ರ್ಯಾಗನ್ ತೇರು

ಆಗಸ್ಟ್‌ನಲ್ಲಿ ಪೆಟ್ಟಿಗೆ ಕಟ್ಟಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಓದಲು ಹೊರಟವರೇ, ಶನಿವಾರದ ಬೆಳಗನ್ನು ಸಂತೆಗೆ ಮೀಸಲಿಡಿ. ಒಂದು ಕಾಲಕ್ಕೆ ಊರು ಬೇಡವೆಂದು ದೂರವಿಟ್ಟ ಜನರೇ ಇಂದು ಅಲ್ಲಿನ ಬೀದಿಗಳನ್ನು ಆಳುತ್ತಿದ್ದಾರೆ. ಕನ್ನಡಿಗರ ಸರದಿ ಮಾತ್ರ ಇನ್ನೂ ಬರಬೇಕಿದೆ!

ಬೆಳಗಿನ ಏಳು ಗಂಟೆ. ಆಗಸ್ಟ್ ತಿಂಗಳಾದರೂ ಹಲ್ಲು ಕಟಕಟ ಎನ್ನಿಸುವ ಚಳಿ. ಪೆಸಿಫಿಕ್ ಕಡಲಿನಿಂದ ಎದ್ದ ಮಂಜು ಗುಡ್ಡಗಳನ್ನಿಳಿದು, ಎರಡು ಹೆದ್ದಾರಿಗಳು ಕೂಡುವ ಜಾಗದಲ್ಲಿ ತಂಗಿದೆ. ಮೇಲೆ ವಾಹನಗಳ ಮೊರೆತ. ಕೆಳಗೆ, ಗೋಡೆಗೆಲ್ಲ ಬಣ್ಣದ ಚಿತ್ರ ಬರೆದ ಸಾಲು ಮಳಿಗೆಗಳಲ್ಲಿ ತರಕಾರಿ ಪೆಟ್ಟಿಗೆ ಇಳಿಸುವ ಸದ್ದು.

ಇದು ಅಲೆಮನಿ ಸಂತೆ. ಪ್ರವಾಸಿಗರ ಪಟ್ಟಿಯಲ್ಲಿ ಇದರ ಹೆಸರು ಕಾಣುವುದು ಅಪರೂಪ. ಊರಿನವರ ಪಾಲಿಗೆ ಇದು ‘ಜನರ ಸಂತೆ’.

ಆಗ್ನೇಯ ಏಷ್ಯಾ ಮೂಲದ ಮೊಂಗ್ ಸಮುದಾಯದ ಅಜ್ಜಿಯೊಬ್ಬರು ಮೇಜಿನ ಮೇಲೆ ಸೊಪ್ಪು ಜೋಡಿಸುತ್ತಿದ್ದಾರೆ. ಫ್ರೆಸ್ನೊ ಕಡೆಯಿಂದ ಸುಮಾರು 300 ಕಿ.ಮೀ. ದೂರವನ್ನು ರಾತ್ರೋರಾತ್ರಿ ದಾಟಿ ಬಂದ ಬೆಳೆ ಅದು. ದಂಟು, ಹಾಗಲಕಾಯಿ, ಮೊಳದುದ್ದದ ಅಲಸಂದೆ. ಅದರ ಪಕ್ಕದಲ್ಲೇ ರಬ್ಬರ್ ಬ್ಯಾಂಡ್ ಹಾಕಿದ ನುಗ್ಗೆ ಸೊಪ್ಪಿನ ಕಟ್ಟು. ಎಲೆ ಇನ್ನೂ ಬಾಡಿಲ್ಲ. ಒಂದೆರಡು ಕಡ್ಡಿಯ ತುದಿಯಲ್ಲಿ ಬೆಳ್ಳನೆಯ ಮೊಗ್ಗೂ ಉಳಿದಿದೆ.

ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿದ್ದ ಹುಡುಗನೊಬ್ಬ ಗಕ್ಕನೆ ನಿಂತ. ಫೋನ್ ತೆಗೆದು ವಿಡಿಯೊ ಕರೆ ಹಚ್ಚಿದ. ಮಾತಿನ ಧಾಟಿ ಹಾಸನ ಸೀಮೆಯದು.

‘ಇಲ್ನೋಡಮ್ಮ, ನುಗ್ಗೆ ಸೊಪ್ಪು!’

‘ಯಾರ ಮನೇಲಿದ್ದೀಯೋ?’

‘ಮನೇಲಲ್ಲ, ಸಂತೇಲಿ.’

‘ಒಂದು ಕಟ್ಟು ಸಾಲಲ್ಲ, ಎರಡು ತಗೋ. ಬೆಂದ್ರೆ ಇಷ್ಟೇ ಇಷ್ಟಾಗುತ್ತೆ.’

ಅಜ್ಜಿಗೆ ಕನ್ನಡ ಬಾರದು, ಹುಡುಗನಿಗೆ ಮೊಂಗ್ ನುಡಿ ಬಾರದು. ಅವನು ಎರಡು ಬೆರಳೆತ್ತಿದ. ಅವರು ಎರಡು ಕಟ್ಟು ಕೊಟ್ಟು, ಮೇಲೊಂದು ಹಿಡಿ ಹಸಿಮೆಣಸಿನಕಾಯಿಯನ್ನು ಕೊಸರು ಹಾಕಿದರು.

ಅವನ ಹಿಂದೆ ಫಿಲಿಪೀನ್ಸ್ ಮೂಲದ ಹೆಂಗಸೊಬ್ಬರು ಅದೇ ಸೊಪ್ಪಿಗಾಗಿ ಕಾಯುತ್ತಿದ್ದರು. ಅವರ ಮನೆಯಲ್ಲಿ ಅದು ಕೋಳಿ ಸಾರಿಗೆ ಬೀಳುತ್ತದೆ. ಹಾಸನದಲ್ಲಿ ಬಸ್ಸಾರಾಗುವ ಸೊಪ್ಪು ಮನಿಲಾದಲ್ಲಿ ಏನಾಗುತ್ತದೆ ಎಂಬುದನ್ನು ಯಾವ ವಿಶ್ವವಿದ್ಯಾಲಯದ ಪಠ್ಯದಲ್ಲೂ ಬರೆದಿರುವುದಿಲ್ಲ.

ಬರ್ಕ್ಲಿ, ಸ್ಟ್ಯಾನ್‌ಫರ್ಡ್, ಸ್ಯಾನ್ ಹೋಸೆ ಸ್ಟೇಟ್ ಎಂದು ಪ್ರತಿ ಆಗಸ್ಟ್‌ನಲ್ಲಿ ನಮ್ಮ ಮಕ್ಕಳು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಾಲು ನಿಲ್ಲುತ್ತಾರೆ. ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮೂರು ಲೀಟರಿನ ಕುಕ್ಕರ್. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಸೋದರಿ ನಗರಗಳು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳ ತಂಡವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನಡುವೆ ಎಲ್ಲೂ ಇಳಿಯದೆ ವಿಮಾನ ಹಾರಿಸಿ ತಂದಿತ್ತು. ದಾರಿ ಅಷ್ಟು ಹತ್ತಿರವಾಗಿದೆ. ಆದರೆ ಹೊರಡುವ ಮಕ್ಕಳಿಗೆ ನಾವು ಹೇಳುವುದು ವೀಸಾ, ಬಾಡಿಗೆ, ಇಂಟರ್ನ್‌ಶಿಪ್ ಇಷ್ಟನ್ನೇ. ‘ಅಲ್ಲಿನ ಸಂತೆಗೆ ಹೋಗು’ ಎಂದು ಯಾರೂ ಹೇಳುವುದಿಲ್ಲ. ಆ ಮಾತು ಹೇಳಲೆಂದೇ ಈ ಬರಹ.

ಕೊಳೆಯುತ್ತಿದ್ದ ಹಣ್ಣು ಕಟ್ಟಿದ ಸಂತೆ

1943. ಎರಡನೇ ಮಹಾಯುದ್ಧದ ನಡುಗಾಲ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ತೋಟಗಳಲ್ಲಿ ಹಣ್ಣು ಮಾಗಿ ಉದುರುತ್ತಿತ್ತು. ಕೊಯ್ಯಲು ಆಳಿಲ್ಲ, ಕೊಳ್ಳಲು ಕ್ಯಾನಿಂಗ್ ಕಾರ್ಖಾನೆಗಳು ಮುಂದೆ ಬರುತ್ತಿಲ್ಲ. ಇತ್ತ ನಗರದ ಜನಕ್ಕೆ ತಾಜಾ ಹಣ್ಣು ತರಕಾರಿ ಕೈಗೆಟುಕುತ್ತಿಲ್ಲ. ನಡುವೆ ನಿಂತಿದ್ದವರು ಸಗಟು ವ್ಯಾಪಾರಿಗಳು.

ಮನೆಯಂಗಳದಲ್ಲೇ ತರಕಾರಿ ಬೆಳೆಯಿರಿ ಎಂದು ಯುದ್ಧಕಾಲದಲ್ಲಿ ನಗರದ ಜನರನ್ನು ಹುರಿದುಂಬಿಸುತ್ತಿದ್ದ ಜಾನ್ ಬ್ರುಕಾಟೊ ಎಂಬಾತ ಒಂದು ಸರಳ ಉಪಾಯ ಮುಂದಿಟ್ಟ. ರೈತ ತನ್ನ ಲಾರಿಯನ್ನು ನೇರ ಊರೊಳಗೆ ತಂದು ನಿಲ್ಲಿಸಲಿ, ಜನ ಬಂದು ಕೊಳ್ಳಲಿ. ಆಗಸ್ಟ್‌ನಲ್ಲಿ ಮಾರ್ಕೆಟ್ ಸ್ಟ್ರೀಟ್ ಮತ್ತು ಡುಬೋಸ್ ರಸ್ತೆ ಕೂಡುವ ಖಾಲಿ ಜಾಗದಲ್ಲಿ ಸಂತೆ ನೆರೆಯಿತು. ಜನ ಮುಗಿಬಿದ್ದರು.

ದಲ್ಲಾಳಿಗಳು ಸುಮ್ಮನಿರುತ್ತಾರೆಯೇ? ಸಂತೆ ಮುಚ್ಚಿಸಲು ಒತ್ತಡದ ಮೇಲೆ ಒತ್ತಡ ತಂದರು. ಪ್ರಶ್ನೆ ಕೊನೆಗೆ ಮತಪೆಟ್ಟಿಗೆಗೆ ಹೋಯಿತು. ನಗರದ ಮತದಾರರು ಸಂತೆ ಬೇಕು ಎಂದರು. 1947ರಲ್ಲಿ ಅದು ಅಲೆಮನಿಗೆ ಬಂದು ನೆಲೆ ನಿಂತಿತು. ಇಂದಿಗೂ ಅದನ್ನು ನಡೆಸುವುದು ನಗರಾಡಳಿತವೇ.

ರಸ್ತೆಗೆ ಟೊಮೆಟೊ ಸುರಿದು ಕಣ್ಣೀರು ಹಾಕುವ ರೈತನ ಚಿತ್ರವನ್ನು ವರ್ಷಕ್ಕೆರಡು ಬಾರಿಯಾದರೂ ಪತ್ರಿಕೆಯಲ್ಲಿ ನೋಡುವ ನಮಗೆ ಈ ಕಥೆ ವಿವರಿಸಿ ಹೇಳಬೇಕಿಲ್ಲ. ಅವರ ರೈತನೂ ನಮ್ಮ ರೈತನೂ ಸಿಕ್ಕಿಬಿದ್ದದ್ದು ಒಂದೇ ಕಡೆ. ಅಲ್ಲಿ ಮತದಾರ ರೈತನ ಪರ ನಿಂತ.

ಬೆಳೆದವರೇ ಮಾರಬೇಕು

1970ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಲ್ಲಿಯವರೆಗೆ ಹಣ್ಣಿನ ಗಾತ್ರ, ಪೆಟ್ಟಿಗೆಯ ಅಳತೆ, ಪ್ಯಾಕಿಂಗ್ ಎಲ್ಲದಕ್ಕೂ ಕಟ್ಟುನಿಟ್ಟಿನ ನಿಯಮವಿತ್ತು. ಸಣ್ಣ ರೈತನಿಗೆ ಅದು ಎಟುಕುತ್ತಿರಲಿಲ್ಲ. ನೋಂದಾಯಿತ ರೈತಸಂತೆಯಲ್ಲಿ ನೇರವಾಗಿ ಮಾರುವವರಿಗೆ ಈ ನಿಯಮಗಳಿಂದ ವಿನಾಯಿತಿ ಸಿಕ್ಕಿತು. ಷರತ್ತು ಒಂದೇ: ಮಾರುವ ಫಸಲನ್ನು ತಾವೇ ಬೆಳೆದಿರಬೇಕು.

ಯಾವುದೇ ಮಳಿಗೆಯ ಮುಂದೆ ನಿಂತು ನೋಡಿ. ಎಲ್ಲೋ ಒಂದು ಕಡೆ ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ಸರ್ಟಿಫಿಕೇಟ್ ತೂಗುತ್ತಿರುತ್ತದೆ. ಕೌಂಟಿಯ ಕೃಷಿ ಅಧಿಕಾರಿ ಕೊಟ್ಟದ್ದು. ಜಮೀನು ಎಲ್ಲಿದೆ, ಏನೇನು ಬೆಳೆದಿದ್ದಾರೆ, ಎಷ್ಟು ಬೆಳೆದಿದ್ದಾರೆ ಎಲ್ಲ ಅದರಲ್ಲಿರುತ್ತದೆ. ಪಟ್ಟಿಯಲ್ಲಿ ಬೆಂಡೆ ಇಲ್ಲದ ರೈತ ಬೆಂಡೆ ಮಾರುವಂತಿಲ್ಲ. ಕೃಷಿ, ಅರ್ಥಶಾಸ್ತ್ರ, ಸಾರ್ವಜನಿಕ ಆಡಳಿತ ಓದುವ ನಮ್ಮ ವಿದ್ಯಾರ್ಥಿಗಳು ಓದಲೇಬೇಕಾದ ಹಾಳೆ ಅದು ಎನ್ನುವುದು ನನ್ನ ಅಭಿಪ್ರಾಯ.

ಇನ್ನು ಫೆರ್ರಿ ಬಿಲ್ಡಿಂಗ್. 1898ರಲ್ಲಿ ಕಟ್ಟಿದ ಈ ಗಡಿಯಾರ ಗೋಪುರವನ್ನು ಪೋಸ್ಟ್‌ಕಾರ್ಡಿನಲ್ಲಿ ನೋಡಿಯೇ ಇರುತ್ತೀರಿ. ಬಹುಕಾಲ ಅದರ ಮುಖ ಮುಚ್ಚುವಂತೆ ಎರಡಂತಸ್ತಿನ ಮೇಲ್ಸೇತುವೆ ಹಾದಿತ್ತು. 1989ರ ಅಕ್ಟೋಬರ್ ಭೂಕಂಪದಲ್ಲಿ ಸೇತುವೆ ಹಾಳಾಯಿತು, 1991ರಲ್ಲಿ ಕೆಡವಿದರು. ತೆರವಾದ ಜಾಗದಲ್ಲಿ 1992ರಲ್ಲಿ ಒಂದು ದಿನದ ಸುಗ್ಗಿ ಸಂತೆ ನಡೆಯಿತು. ಮರುವರ್ಷದಿಂದ ಅದೇ ವಾರದ ಸಂತೆಯಾಯಿತು. ಇಲ್ಲಿ ಒಂದು ಪೀಚ್ ಹಣ್ಣಿನ ಬೆಲೆಗೆ ಅಲೆಮನಿಯಲ್ಲಿ ವಾರದ ಸೊಪ್ಪು ಬರುತ್ತದೆ. ನೋಡಲು, ರುಚಿ ನೋಡಲು ಇಲ್ಲಿಗೆ ಹೋಗಿ. ಕೊಳ್ಳಲು ಅಲೆಮನಿಗೆ ಹೋಗಿ.

ನನಗೆ ಹೆಚ್ಚು ಆಪ್ತವಾದದ್ದು ಸಿವಿಕ್ ಸೆಂಟರಿನ ‘ಹಾರ್ಟ್ ಆಫ್ ದಿ ಸಿಟಿ’ ಸಂತೆ. 1981ರಲ್ಲಿ ಶುರುವಾದ ಇದನ್ನು ರೈತರೇ ಸೇರಿ ನಡೆಸುತ್ತಾರೆ. ಸುತ್ತಲಿನ ಟೆಂಡರ್‌ಲಾಯಿನ್ ಬಡಾವಣೆ ಬಡವರದು, ಈಗಷ್ಟೇ ದೇಶಕ್ಕೆ ಬಂದವರದು. ಸರ್ಕಾರದ ಆಹಾರ ನೆರವಿನ ಕಾರ್ಡ್ ಇಲ್ಲಿ ನಡೆಯುತ್ತದೆ. ಸೀಮೆಬದನೆ, ಸೀಬೆ, ಪಾಪಾಸುಕಳ್ಳಿ ಹಣ್ಣು, ಹಸಿ ಕಡಲೆ, ಅಲ್ಲಿನ ಮಳೆಗಾಲ ಶುರುವಾಗುವ ಮುನ್ನ ಮಣ್ಣಿನ ವಾಸನೆ ಆರದ ಹಸಿ ಶೇಂಗಾ. ಋತು ನೋಡಿ ಹೋದರೆ ಗಾಂಧಿ ಬಜಾರಿನ ಅರ್ಧ ಸರಕು ಇಲ್ಲೇ ಸಿಗುತ್ತದೆ.

ಈ ಸಂತೆ ದಶಕಗಳ ಕಾಲ ನಡೆದದ್ದು ಯು.ಎನ್. ಪ್ಲಾಜಾದಲ್ಲಿ. 2023ರಲ್ಲಿ ಪಕ್ಕದ ಫುಲ್ಟನ್ ಪ್ಲಾಜಾಕ್ಕೆ ಬಂತು. 1945ರ ಜೂನ್ 26ರಂದು ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಬಿದ್ದದ್ದು ಇಲ್ಲಿಂದ ಕೂಗಳತೆಯಲ್ಲಿ. ಭಾರತದ ಪರವಾಗಿ ಅಂದು ಸಹಿ ಹಾಕಿದವರಲ್ಲಿ ಮೊದಲಿಗರು ಸರ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್. ಮರುವರ್ಷ ಅವರೇ ಮೈಸೂರಿನ ದಿವಾನರಾದರು, ಮೈಸೂರು ಚಲೋ ಚಳವಳಿಯ ಬಿಸಿಯನ್ನೂ ಉಂಡರು. ಮೈಸೂರಿನ ಕೊನೆಯ ದಿವಾನರು ಓಡಾಡಿದ ನೆಲದ ಅಂಚಿನಲ್ಲೇ ಇಂದು ಬದನೆಕಾಯಿ ರಾಶಿ ಬಿದ್ದಿರುತ್ತದೆ.

▪ ಯಾವ ದಿನ ಎಲ್ಲಿ?
ಅಲೆಮನಿ: ಶನಿವಾರ. ಭಾನುವಾರ ಅದೇ ಜಾಗದಲ್ಲಿ ಹಳೆ ಸಾಮಾನಿನ ಸಂತೆ.
ಫೆರ್ರಿ ಪ್ಲಾಜಾ: ಮಂಗಳವಾರ, ಗುರುವಾರ, ಶನಿವಾರ. ಶನಿವಾರವೇ ದೊಡ್ಡದು.
ಹಾರ್ಟ್ ಆಫ್ ದಿ ಸಿಟಿ: ಬುಧವಾರ ಮತ್ತು ಭಾನುವಾರ.
ಬರ್ಕ್ಲಿ: ಶನಿವಾರ, ಕ್ಯಾಂಪಸ್ಸಿಗೆ ನಡೆದು ಹೋಗುವಷ್ಟು ಹತ್ತಿರ. 1987ರಿಂದ ನಡೆಸುತ್ತಿರುವುದು ಇಕಾಲಜಿ ಸೆಂಟರ್ ಎಂಬ ಸಂಸ್ಥೆ.
ಪಿಲ್ಲರ್ ಪಾಯಿಂಟ್ ಬಂದರು: ಹಾಫ್ ಮೂನ್ ಬೇ ಬಳಿ. ದೋಣಿಯಿಂದಲೇ ಮೀನು, ಏಡಿ ಕೊಳ್ಳಬಹುದು. ಮಲ್ಪೆ, ತದಡಿ ಕಡೆಯವರು ತಪ್ಪಿಸಬೇಡಿ.
ಓಡಾಟ: ಕ್ಲಿಪ್ಪರ್ ಕಾರ್ಡ್ ಒಂದಿದ್ದರೆ ಬಾರ್ಟ್ ರೈಲು, ಮ್ಯೂನಿ ಬಸ್ಸು, ಕ್ಯಾಲ್‌ಟ್ರೇನ್ ಎಲ್ಲಕ್ಕೂ ಸಾಕು. ಮಳಿಗೆಗಳಿಗೆ ಚಿಲ್ಲರೆ ನೋಟು ಒಯ್ಯಿರಿ. ಮುಚ್ಚುವ ಹೊತ್ತಿಗೆ ಹೋದರೆ ಬೆಲೆ ಇಳಿದಿರುತ್ತದೆ.

ವಿದ್ಯಾರ್ಥಿಗಳ ಗುಜರಿ, ‘ಲಾ ಪುಲ್ಗಾ’ದ ಉಪವಾಸ

ಕುಪರ್ಟಿನೋದ ಡಿ ಆಂಜಾ ಕಾಲೇಜಿನ ಪಾರ್ಕಿಂಗ್ ಜಾಗ ತಿಂಗಳ ಮೊದಲ ಶನಿವಾರ ಗುಜರಿ ಬಜಾರಾಗುತ್ತದೆ. ಹಳೆ ಸೈಕಲ್ಲು, ಮೇಜು ದೀಪ, ಚಳಿ ಕೋಟು, ಗಿಟಾರ್, ಯಾರದೋ ಅಜ್ಜಿಯ ಪಿಂಗಾಣಿ ಬಟ್ಟಲು. ಹೊಸದಾಗಿ ಬಂದ ವಿದ್ಯಾರ್ಥಿಯ ಖಾಲಿ ಕೋಣೆ ತುಂಬಲು ಇಲ್ಲೊಂದು ಸುತ್ತು ಹಾಕಿದರೆ ಸಾಕು. ಚೌಕಾಸಿಗೂ ಅಡ್ಡಿಯಿಲ್ಲ.

ಇದರ ವಿಶೇಷ ಇಷ್ಟೇ ಅಲ್ಲ. ಈ ಸಂತೆ ನಡೆಸುವುದು ಕಾಲೇಜಿನ ವಿದ್ಯಾರ್ಥಿ ಸಂಘ. ಮಳಿಗೆ ಬಾಡಿಗೆಯ ಹಣ ವಿದ್ಯಾರ್ಥಿಗಳ ಚಟುವಟಿಕೆಗೇ ಹೋಗುತ್ತದೆ. ಕಾಲೇಜು ಸಂಘವೆಂದರೆ ವಾರ್ಷಿಕೋತ್ಸವಕ್ಕೆ ಚಂದಾ ಎತ್ತುವುದು ಎಂದುಕೊಂಡಿರುವ ನಮಗೆ ಇದು ಹೊಸ ಪಾಠ.

ಸ್ಯಾನ್ ಹೋಸೆಯ ಬೆರ್ರಿಯೆಸ್ಸಾದ ಸಂತೆ ಇನ್ನೂ ದೊಡ್ಡದು. 1960ರಲ್ಲಿ ಶುರುವಾದದ್ದು. ಸ್ಪ್ಯಾನಿಷ್ ಮಾತಾಡುವವರ ಬಾಯಲ್ಲಿ ‘ಲಾ ಪುಲ್ಗಾ’. ತರಕಾರಿ ಸಾಲೊಂದೇ ನಡೆದಷ್ಟೂ ಮುಗಿಯುವುದಿಲ್ಲ. ಮೆಕ್ಸಿಕೊದವರು, ವಿಯೆಟ್ನಾಂನವರು, ನಮ್ಮವರು, ಎಲ್ಲರೂ ಒಂದೇ ರಾಶಿಯಿಂದ ಮೆಣಸಿನಕಾಯಿ ಆರಿಸುತ್ತಾರೆ.

2020ರಲ್ಲಿ ಪಕ್ಕದಲ್ಲೇ ಬಾರ್ಟ್ ನಿಲ್ದಾಣ ತೆರೆಯಿತು. ನಿಲ್ದಾಣ ಬಂದ ಕಡೆ ಜಾಗದ ಬೆಲೆ ಏನಾಗುತ್ತದೆಂದು ಮೆಟ್ರೊ ಕಂಡ ಬೆಂಗಳೂರಿಗರಿಗೆ ಗೊತ್ತು. ಸಂತೆಯ ನೆಲದಲ್ಲಿ ಮನೆ, ಕಚೇರಿ ಕಟ್ಟುವ ಯೋಜನೆ ಬಂತು. 2021ರಲ್ಲಿ ವ್ಯಾಪಾರಿಗಳು ಸಂಘ ಕಟ್ಟಿಕೊಂಡು ಬೀದಿಗಿಳಿದರು. ಕೆಲವರು ಉಪವಾಸ ಕೂತರು. ಕೊನೆಗೆ ನಗರಸಭೆ ಯೋಜನೆಗೆ ಒಪ್ಪಿಗೆ ಕೊಟ್ಟಿತಾದರೂ ಸಂತೆಗೆಂದು 5 ಎಕರೆ ಬಿಡಬೇಕೆಂದು ಹೇಳಿತು. ತಲೆಮಾರುಗಳಿಂದ ಅಲ್ಲೇ ಬದುಕು ಕಟ್ಟಿಕೊಂಡವರಿಗೆ ಅದು ತೀರಾ ಕಡಿಮೆ ಎಂದು ನನಗೆ ಇಂದಿಗೂ ಅನಿಸುತ್ತದೆ. ಈ ಸಂತೆಗೆ ಹೋಗುವುದಿದ್ದರೆ ಬೇಗ ಹೋಗಿ.

ಬೀದಿ ವ್ಯಾಪಾರಿಯ ಪಾಡು ಎಲ್ಲ ಕಡೆಯೂ ಒಂದೇ. ನಮ್ಮಲ್ಲಿ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ ಬಂತು. ಫುಟ್‌ಪಾತಿನಲ್ಲಿ ಮಾರುವುದು ಅಪರಾಧವಲ್ಲ ಎಂದಿತು. ಹಾಗಿದ್ದೂ 2023ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರ ಮಿಷನ್ ಸ್ಟ್ರೀಟಿನಲ್ಲಿ ಬೀದಿ ವ್ಯಾಪಾರ ನಿಷೇಧಿಸಿತು. ಕದ್ದ ಮಾಲು ಮಾರುವವರನ್ನು ತಡೆಯಲು ಎಂಬುದು ಕಾರಣ. ಹಣ್ಣು, ಬಟ್ಟೆ ಮಾರಿ ಹೊಟ್ಟೆ ಹೊರೆಯುತ್ತಿದ್ದವರೂ ಅದರಲ್ಲಿ ಎತ್ತಂಗಡಿಯಾದರು.

ಬೀದಿ ಗೆದ್ದವರ ಹಬ್ಬಗಳು

ಫೆಬ್ರವರಿ ಬರಲಿ, ಚೈನಾಟೌನ್ ನೋಡಬೇಕು. ಚೀನೀ ಹೊಸ ವರ್ಷಕ್ಕೆ ಮುಂಚಿನ ವಾರಾಂತ್ಯದಲ್ಲಿ ಹೂವಿನ ಸಂತೆ. ಸಣ್ಣ ಕಿತ್ತಳೆ ತೂಗುವ ಕುಂಡಗಳು, ಮೊಗ್ಗು ತುಂಬಿದ ಕೊಂಬೆಗಳು, ನೀರಿನಲ್ಲೇ ಅರಳುವ ನಾರ್ಸಿಸಸ್ ಗೆಡ್ಡೆಗಳು. ಕೊಂಬೆ ಕೊಳ್ಳುವ ಅಜ್ಜಿಯರು ಒಂದೊಂದು ಮೊಗ್ಗನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಹಬ್ಬದ ದಿನಕ್ಕೆ ಸರಿಯಾಗಿ ಅರಳಬೇಕು, ಮುಂಚೆಯೂ ಅಲ್ಲ, ತಡವಾಗಿಯೂ ಅಲ್ಲ.

ಆಮೇಲೆ ರಾತ್ರಿಯ ಮೆರವಣಿಗೆ. ಕೊನೆಗೆ ಬರುತ್ತದೆ ಬಂಗಾರದ ಡ್ರ್ಯಾಗನ್. 250 ಅಡಿಗೂ ಮಿಕ್ಕಿದ ಉದ್ದ, ಹೊರಲು ನೂರಕ್ಕೂ ಹೆಚ್ಚು ಜನ. ತೇರಿನ ಮಿಣಿ ಹಿಡಿದು ಎಳೆದ ಅನುಭವ ಇದ್ದವರಿಗೆ ಆ ಹೆಜ್ಜೆಯ ಲಯ ಒಡನೆ ಹಿಡಿಯುತ್ತದೆ. ಮುಂದಿನವರು ಬಾಗಿದರೆ ಹಿಂದಿನವರು ಏಳಬೇಕು, ಒಬ್ಬ ತಪ್ಪಿದರೂ ಇಡೀ ಮೈ ಕುಸಿಯುತ್ತದೆ. ಕಿವಿ ಗಡಚಿಕ್ಕುವ ಪಟಾಕಿ, ಗಂಧಕದ ಹೊಗೆ, ಕಾಲಡಿ ಕೆಂಪು ಕಾಗದದ ಚೂರುಗಳ ಹಾಸು.

ಈ ಸಂಭ್ರಮದ ಹಿಂದೆ ಗಾಯವಿದೆ. 1882ರಲ್ಲಿ ಅಮೆರಿಕ ಕಾನೂನು ಮಾಡಿಯೇ ಚೀನೀ ಕಾರ್ಮಿಕರನ್ನು ಹೊರಗಿಟ್ಟಿತು. ಅದು ರದ್ದಾದದ್ದು 1943ರಲ್ಲಿ. ಕೊರಿಯಾ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಚೀನೀಯರೆಂದರೆ ಮತ್ತೆ ಅನುಮಾನದ ಕಣ್ಣು. ಮನೆಯೊಳಗೆ ಅಡಗಿ ಕೂರುವ ಬದಲು 1953ರಲ್ಲಿ ಅವರು ಹಳೆಯ ಮೆರವಣಿಗೆಯನ್ನು ಹೊಸದಾಗಿ ಕಟ್ಟಿ, ಇಡೀ ಊರನ್ನೇ ಹಬ್ಬಕ್ಕೆ ಕರೆದರು. ಇಂದು ಊರಿನ ಮೇಯರ್ ಅದರಲ್ಲಿ ಸಾಗುತ್ತಾರೆ, ಶಾಲಾ ಮಕ್ಕಳು ಕುಣಿಯುತ್ತಾರೆ.

ಏಪ್ರಿಲ್‌ನಲ್ಲಿ ಜಪಾನ್‌ಟೌನಿನ ಚೆರ್ರಿ ಹೂವಿನ ಹಬ್ಬ. 1968ರಿಂದ ನಡೆಯುತ್ತಿದೆ. ಮೆರವಣಿಗೆಯ ಕೊನೆಯಲ್ಲಿ ಸಾಕೆ ಎಂಬ ಅಕ್ಕಿ ಮದ್ಯದ ಪೀಪಾಯಿಗಳನ್ನು ಪೇರಿಸಿದ ಭಾರೀ ಪಲ್ಲಕ್ಕಿಯನ್ನು ಹೆಗಲ ಮೇಲೆ ಹೊತ್ತು ಕೂಗುತ್ತಾ ಬರುತ್ತಾರೆ. ಅಡ್ಡಪಲ್ಲಕ್ಕಿ ಹೊತ್ತ ನಮ್ಮೂರ ಹುಡುಗರ ಹುಮ್ಮಸ್ಸೇ ಅದು. ಇದೇ ಬಡಾವಣೆಯ ಜನರನ್ನು 1942ರಲ್ಲಿ ಮನೆಯಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಿದ್ದರು. ಪಶ್ಚಿಮ ಕರಾವಳಿಯುದ್ದಕ್ಕೂ ಹಾಗೆ ಸಾಗಿಸಿದವರ ಸಂಖ್ಯೆ ಸುಮಾರು 1.2 ಲಕ್ಷ. ತಪ್ಪು ಒಂದೇ, ಅವರ ಮೂಲ ಜಪಾನ್. ಮರಳಿ ಬಂದವರ ಮನೆಗಳನ್ನು ನಗರಾಭಿವೃದ್ಧಿಯ ಹೆಸರಿನಲ್ಲಿ ಇನ್ನೊಮ್ಮೆ ಕೆಡವಿದರು. ಅದಾದ ಮೇಲೆ ಅರಳಿದ ಹಬ್ಬವಿದು.

ಮೇ ಕೊನೆಯಲ್ಲಿ ಮಿಷನ್ ಬಡಾವಣೆಯ ಕಾರ್ನವಾಲ್. 1979ರಲ್ಲಿ ಪ್ರೆಸಿಟಾ ಪಾರ್ಕಿನಲ್ಲಿ ಒಂದಷ್ಟು ಜನ ಡೋಲು ಬಡಿದು ಕುಣಿದದ್ದು ಈಗ ಹ್ಯಾರಿಸನ್ ಸ್ಟ್ರೀಟ್ ತುಂಬುತ್ತದೆ. ನವೆಂಬರ್ 2ರ ರಾತ್ರಿ ಅದೇ ಬಡಾವಣೆಯಲ್ಲಿ ತೀರಿಹೋದವರ ಹಬ್ಬ. ಮುಖಕ್ಕೆ ತಲೆಬುರುಡೆಯ ಬಣ್ಣ ಬಳಿದುಕೊಂಡವರು ಮೇಣದಬತ್ತಿ ಹಿಡಿದು ನಡೆಯುತ್ತಾರೆ. ಅಗಲಿದವರ ಫೋಟೊ, ಅವರಿಗಿಷ್ಟವಾದ ತಿಂಡಿ, ನೀರು ಇಟ್ಟು ಎಡೆ ಹಾಕುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆಯಿಟ್ಟ ಮನೆಯ ಮಕ್ಕಳಿಗೆ ಇಲ್ಲಿ ಯಾವ ವಿವರಣೆಯೂ ಬೇಡ.

ಆ ಎಡೆಯ ಸುತ್ತ ಸುರಿದಿರುವುದು ಚೆಂಡು ಹೂವು. ಅದೇ ಕಿತ್ತಳೆ ಬಣ್ಣ, ಅದೇ ಒಗರು ವಾಸನೆ. ಇಪ್ಪತ್ತನಾಲ್ಕನೇ ಬೀದಿಯ ಹೂವಿನಂಗಡಿಗಳಲ್ಲಿ ಅಕ್ಟೋಬರ್ ಕೊನೆಗೆ ರಾಶಿ ಬೀಳುತ್ತದೆ. ನಮ್ಮ ದೀಪಾವಳಿಯೂ ಅದೇ ಹೊತ್ತಿಗೆ. ಚೆಂಡು ಹೂವಿನ ಹುಟ್ಟೂರು ಮೆಕ್ಸಿಕೊ. ಅಲ್ಲಿಂದ ಕಡಲು ದಾಟಿ ನಮ್ಮ ಬಾಗಿಲಿನ ತೋರಣವಾಯಿತು. ಬಾಡಿಗೆ ಮನೆಯ ಬಾಗಿಲಿಗೆ ತೋರಣ ಕಟ್ಟಲು ಹೂವು ಹುಡುಕುವ ಕನ್ನಡದ ಹುಡುಗಿಯರಿಗೆ ಅದು ಮಿಷನ್ ಬೀದಿಗಳಲ್ಲಿ ಧಾರಾಳವಾಗಿ ಸಿಗುತ್ತದೆ.

ಅಂಗಡಿಯ ಬೊಂಬೆ, ಲಾರಿಯ ತೇರು

ನಮ್ಮ ದೇಶದ ಹಬ್ಬವೂ ಇಲ್ಲಿನ ಬೀದಿಗಿಳಿದಿದೆ, ಅದೂ ಬಹಳ ಹಿಂದೆಯೇ. 1967ರಲ್ಲಿ ಇಸ್ಕಾನ್‌ನ ಅಮೆರಿಕನ್ ಶಿಷ್ಯೆಯೊಬ್ಬಳು ‘ಕಾಸ್ಟ್ ಪ್ಲಸ್’ ಎಂಬ ಆಮದು ಸಾಮಾನಿನ ಅಂಗಡಿಯಲ್ಲಿ ದುಂಡು ಕಣ್ಣಿನ ಪುಟ್ಟ ಮರದ ಬೊಂಬೆ ಕೊಂಡು ತಂದಳು. ಅದು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಗುರು ಪ್ರಭುಪಾದರು ನೋಡಿ ಕೈಮುಗಿದರು. ಅದು ಪುರಿಯ ಜಗನ್ನಾಥ. ಬಲಭದ್ರ, ಸುಭದ್ರೆಯರ ಬೊಂಬೆಗಳೂ ಅದೇ ಅಂಗಡಿಯಲ್ಲಿ ಸಿಕ್ಕವು. ಶಿಷ್ಯನೊಬ್ಬ ಅವನ್ನು ನೋಡಿಕೊಂಡು ದೊಡ್ಡ ಮೂರ್ತಿಗಳನ್ನು ಕೆತ್ತಿದ.

ಅದೇ ವರ್ಷದ ಜುಲೈ 9ರಂದು ಒಂದು ಬಾಡಿಗೆ ಲಾರಿಗೆ ಕಂಬ ನೆಟ್ಟು, ಬಟ್ಟೆಯ ಚಪ್ಪರ ಕಟ್ಟಿ, ಹೂವು ಸುತ್ತಿ ಜಗನ್ನಾಥನನ್ನು ಹೈಟ್ ಬಡಾವಣೆಯ ಏರಿಳಿತದ ಬೀದಿಗಳಲ್ಲಿ ಮೆರೆಸಿದರು. ಪಾಶ್ಚಾತ್ಯ ಜಗತ್ತಿನ ಮೊದಲ ರಥಯಾತ್ರೆ ಅದು. ಹಿಪ್ಪಿಗಳು ಕುಣಿದರು. ಲಾರಿ ತೇರು ಕಡಲಿನವರೆಗೂ ಹೋಯಿತು. ಈಗಲೂ ಬೇಸಿಗೆಯಲ್ಲಿ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ತೇರು ಎಳೆಯುತ್ತಾರೆ.

ವಿದ್ಯಾರ್ಥಿಗಳೇ ಕಟ್ಟಿದ ಹಬ್ಬಗಳೂ ಇವೆ. ಸ್ಟ್ಯಾನ್‌ಫರ್ಡಿನ ನೀಲಗಿರಿ ತೋಪಿನಲ್ಲಿ ಮೇ ತಿಂಗಳ ‘ತಾಯಂದಿರ ದಿನ’ದ ವಾರಾಂತ್ಯಕ್ಕೆ ‘ಪೌವೌ’ ಎಂಬ ಕುಣಿತದ ಕೂಟ ನೆರೆಯುತ್ತದೆ. 1971ರಲ್ಲಿ ಅಮೆರಿಕದ ಮೂಲನಿವಾಸಿ ವಿದ್ಯಾರ್ಥಿಗಳು ಶುರು ಮಾಡಿದ್ದು. ಅವರದೇ ಹೋರಾಟದಿಂದ 1972ರಲ್ಲಿ ವಿಶ್ವವಿದ್ಯಾಲಯ ತನ್ನ ಕ್ರೀಡಾ ತಂಡಗಳಿಗಿದ್ದ ‘ಇಂಡಿಯನ್’ ಲಾಂಛನವನ್ನು ಕೈಬಿಟ್ಟಿತು. ಬೇರೆ ಬೇರೆ ಬುಡಕಟ್ಟಿನವರು ಗರಿ ತೊಟ್ಟು, ಗೆಜ್ಜೆ ಕಟ್ಟಿ ಕುಣಿಯುತ್ತಾರೆ. ಸುತ್ತ ಮಣಿಸರ, ಬೆಳ್ಳಿ ಒಡವೆ, ಎಣ್ಣೆಯಲ್ಲಿ ಕರಿದ ರೊಟ್ಟಿಯ ಮಳಿಗೆಗಳು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಒಂದೇ ಹಬ್ಬ ನೋಡಲು ಸಾಧ್ಯ ಎಂದರೆ ನಾನು ಇದನ್ನೇ ನೋಡಿ ಎನ್ನುತ್ತೇನೆ. ನೀವು ಓದುವ ನೆಲ ಮೊದಲು ಯಾರದಾಗಿತ್ತು ಎಂಬುದು ಇಲ್ಲಿ ಕಿವಿಗೆ ಕೇಳುತ್ತದೆ.

1991ರಲ್ಲಿ ಬರ್ಕ್ಲಿಯಲ್ಲಿ ಓದುತ್ತಿದ್ದ ಭಾರತೀಯ ಯುವಕರು ‘ಆಶಾ ಫಾರ್ ಎಜುಕೇಷನ್’ ಕಟ್ಟಿದರು. ಭಾರತದ ಬಡ ಮಕ್ಕಳ ಓದಿಗೆ ಹಣ ಕೂಡಿಸುವುದು ಅದರ ಕೆಲಸ. ಸ್ಟ್ಯಾನ್‌ಫರ್ಡ್ ಮೈದಾನದಲ್ಲಿ ಆಶಾ ನಡೆಸುವ ಹೋಳಿಗೆ ಸಾವಿರಾರು ಜನ ಬಣ್ಣ ಎರಚಲು ಬರುತ್ತಾರೆ. ಅವರ ಟಿಕೆಟ್ಟಿನ ಹಣ ಯಾವುದೋ ಹಳ್ಳಿಯ ಶಾಲೆಗೆ ಪುಸ್ತಕವಾಗುತ್ತದೆ.

▪ ವಿದ್ಯಾರ್ಥಿಗಳೇ, ಇದು ನೆನಪಿರಲಿ
ಎಫ್-1 ವೀಸಾದಲ್ಲಿರುವವರು ತರಗತಿಗಳು ನಡೆಯುವ ಕಾಲದಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಸಂತೆಯಲ್ಲಿ ಮಳಿಗೆ ಹಾಕಿ ಮಾರುವಂತಿಲ್ಲ, ಪರಿಚಯದವರ ಅಂಗಡಿಯಲ್ಲಿ ಕೈಕಾಸಿಗೆ ನಿಲ್ಲುವಂತಿಲ್ಲ. ಲಾಭಕ್ಕಲ್ಲದ ಸಂಸ್ಥೆಗಳ ಹಬ್ಬದಲ್ಲಿ ಸಂಬಳವಿಲ್ಲದ ಸ್ವಯಂಸೇವೆಗೆ ಅವಕಾಶವುಂಟು. ಅನುಮಾನವಿದ್ದರೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಿಯೇ ಮುಂದುವರಿಯಿರಿ.

ಇನ್ನು ನಮ್ಮ ಪರಿಷೆ

ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ವರ್ಷವೇ. ಯುಗಾದಿ, ಗಣೇಶ ಹಬ್ಬ, ದೀಪಾವಳಿ, ರಾಜ್ಯೋತ್ಸವ ಎಂದು ವರ್ಷಪೂರ್ತಿ ಕಾರ್ಯಕ್ರಮ. 2014ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನವೂ ಸ್ಯಾನ್ ಹೋಸೆಯಲ್ಲೇ ನಡೆಯಿತು. ಊರಿನಿಂದ ಈಗಷ್ಟೇ ಬಂದ ವಿದ್ಯಾರ್ಥಿಗೆ ಕೂಟದ ಬಾಳೆಲೆ ಊಟ ಎಷ್ಟು ದೊಡ್ಡದು ಎಂಬುದು ಉಂಡವರಿಗೇ ಗೊತ್ತು. ಆ ದುಡಿಮೆಯ ಬಗ್ಗೆ ನನಗೆ ತುಂಬು ಗೌರವವಿದೆ.

ಆದರೂ ಒಂದು ಆಸೆ ಉಳಿದೇ ಇದೆ. ನಮ್ಮ ಈ ಹಬ್ಬಗಳೆಲ್ಲ ಹೆಚ್ಚಾಗಿ ಬಾಡಿಗೆ ಸಭಾಂಗಣದೊಳಗೆ. ಬಾಗಿಲು ಹಾಕಿದರೆ ಪಕ್ಕದ ರಸ್ತೆಯವರಿಗೆ ಒಳಗೆ ಡೊಳ್ಳು ಬಡಿಯುತ್ತಿರುವುದೂ ತಿಳಿಯುವುದಿಲ್ಲ. ಕರಗ, ಜಾತ್ರೆ, ರಥೋತ್ಸವ, ಜಂಬೂಸವಾರಿ, ಎಲ್ಲವನ್ನೂ ಬೀದಿಯಲ್ಲೇ ಮಾಡುವ ನಾಡಿನವರು ನಾವು. ರಥಬೀದಿ ಇಲ್ಲದ ಊರು ನಮ್ಮಲ್ಲಿ ಎಷ್ಟಿದೆ? ಚೀನೀಯರು, ಜಪಾನೀಯರು, ಮೆಕ್ಸಿಕೊದವರು ಹಬ್ಬವನ್ನು ಬೀದಿಗೆ ತಂದ ಮೇಲೆಯೇ ಊರು ಅವರನ್ನು ತನ್ನವರೆಂದು ನೋಡಿತು. ನಾವು ಆ ಹೊಸ್ತಿಲು ದಾಟಬೇಕು.

ಎಲ್ಲಿಂದ ಶುರು ಮಾಡುವುದು? ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೀದಿ ಮುಚ್ಚಿ ಹಬ್ಬ ಮಾಡಲು ‘ಐಸ್ಕಾಟ್’ ಎಂದು ಕರೆಯುವ, ಹಲವು ಇಲಾಖೆಗಳು ಕೂಡಿದ ಸಮಿತಿಯ ಮುಂದೆ ಅರ್ಜಿ ಹಾಕಬೇಕು. ಬೆಂಕಿ ನಂದಿಸುವ ವಾಹನಕ್ಕೆ ದಾರಿ, ವಿಮೆ, ಕಸ ವಿಲೇವಾರಿ, ನೆರೆಯವರಿಗೆ ಸೂಚನೆ, ಹೀಗೆ ಪಟ್ಟಿ ಉದ್ದವಿದೆ. ಮೊದಲ ವರ್ಷಕ್ಕೆ ಅದು ಭಾರವಾದೀತು.

ಅದಕ್ಕೆ ಸುಲಭದ ದಾರಿಯೊಂದು ಕಣ್ಣೆದುರೇ ಇದೆ. ಬಸವನಗುಡಿಯ ಕಡಲೆಕಾಯಿ ಪರಿಷೆ ನಡೆಯುವುದು ಕಾರ್ತಿಕದ ಕೊನೆಯ ಸೋಮವಾರ, ಅಂದರೆ ಬಹುಪಾಲು ವರ್ಷ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ಪಕ್ಷ. ಡಿ ಆಂಜಾ ಕಾಲೇಜಿನ ಸಂತೆ ನಡೆಯುವುದು ತಿಂಗಳ ಮೊದಲ ಶನಿವಾರ. ಡಿಸೆಂಬರ್ ಸಂತೆಯೂ ಪರಿಷೆಯೂ ಸಾಮಾನ್ಯವಾಗಿ ಹತ್ತಿರ ಹತ್ತಿರವೇ ಬೀಳುತ್ತವೆ. ಕುಪರ್ಟಿನೋ, ಸನ್ನಿವೇಲ್ ಸುತ್ತ ಕನ್ನಡದ ಮನೆಗಳಿಗೆ ಕೊರತೆಯಿಲ್ಲ. ಕೂಟದ ಹೆಸರಿನಲ್ಲಿ ಒಂದು ಸಾಲು ಮಳಿಗೆ ಹಿಡಿಯಲಿ. ರೈತಸಂತೆಗಳಿಂದ ಶೇಂಗಾ ಮೂಟೆ ಬರಲಿ, ಅರ್ಧ ಹಸಿ, ಅರ್ಧ ಹುರಿದದ್ದು. ಸೇರು, ಪಾವು ಊರಿನಿಂದ ಬರುವ ಅಜ್ಜಿಯರ ಪೆಟ್ಟಿಗೆಯಲ್ಲಿ ಬರಲಿ. ಎಫ್-1 ಹುಡುಗರು ಹಣ ಮುಟ್ಟುವುದು ಬೇಡ, ಸ್ವಯಂಸೇವಕರಾಗಿ ಡೊಳ್ಳು ಹಿಡಿದು ಮುಂದೆ ನಿಲ್ಲಲಿ. ಅಲೆಮನಿಯ ಮೊಂಗ್ ಅಜ್ಜಿಯಂಥವರಿಗೂ ಮಿಷನ್ನಿನ ಹೂವಿನವರಿಗೂ ಒಂದೊಂದು ಕರೆಯೋಲೆ ಹೋಗಲಿ. ಸಂತೆಯ ಮಳಿಗೆಗೆ ಮುಂಚಿತವಾಗಿ ಜಾಗ ಕಾಯ್ದಿರಿಸಬೇಕು. ಗಣೇಶ ಹಬ್ಬದ ಸಭೆಯಲ್ಲೇ ಯಾರಾದರೂ ಈ ವಿಷಯ ಎತ್ತಿ.